ಅಕ್ಕನ ಕಾರಿನ ಟಕಟಕ

ಕಡೂರಿನಲ್ಲಿ ನನ್ನ ಗ್ಯಾರೇಜಿಗೆ ಬರುವವರು ಗಾಡಿಯ ಜೊತೆಗೆ ಅದರ ಕಾಯಿಲೆಯ ಹೆಸರನ್ನೂ ತಂದಿರುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ, ನಂಬುವುದಿಲ್ಲ. ಇಂಜಿನ್ ತಾನಾಗಿ ಹೇಳಿದ್ದನ್ನು ಮಾತ್ರ ನಂಬುತ್ತೇನೆ. ನನಗೆ ನನ್ನ ಕಿವಿಯ ಬಗ್ಗೆ ಸ್ವಲ್ಪ ಜಂಬ ಎಂದು ಮನೆಯವಳು ಹೇಳುತ್ತಾಳೆ. ಸ್ವಲ್ಪವಲ್ಲ, ಚೆನ್ನಾಗಿಯೇ ಇದೆ.

ಹೋದ ಚಳಿಗಾಲದಲ್ಲಿ ಅಕ್ಕ ಫೋನ್ ಮಾಡಿದಳು. ಅವಳನ್ನು ಅಜ್ಜಂಪುರದ ಹತ್ತಿರ, ಬುಕ್ಕಾಂಬುಧಿ ಕಡೆಯ ಹಳ್ಳಿಗೆ ಕೊಟ್ಟಿದೆ. ತರೀಕೆರೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ, ದಿನಾ ತಾನೇ ಕಾರು ಓಡಿಸಿಕೊಂಡು ಹೋಗಿಬರುತ್ತಾಳೆ.

“ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟಕಟಕ ಅಂತದೆ ಕಣೋ. ನನ್ ಮಿಷಿನ್ನಲ್ಲಿ ಸೂಜಿ ಬಗ್ಗಿ ಪ್ಲೇಟಿಗೆ ಹೊಡೆದ್ರೆ ಬತ್ತದಲ್ಲ, ಆ ಥರ. ಮೊದಲು ಬಿಸಿಯಾದ್ಮೇಲೆ ನಿಂತೋಗ್ತಿತ್ತು, ಈಗ ನಿಲ್ಲಲ್ಲ. ಎಳೆಯೋದೂ ಕಮ್ಮಿ ಆಗದೆ.”

ನಿಜವಾದ ಸಂಗತಿ ಆಮೇಲೆ ಬಂತು.

“ಹೆಂಗಸರ ಕೈಗೆ ಗಾಡಿ ಕೊಟ್ರೆ ಹಿಂಗೇ ಆಗೋದು ಅಂತವ್ರೆ ನಿಮ್ ಭಾವ. ಬರೋ ವಾರ ಮಾರಿಬಿಡ್ತಾರಂತೆ. ಗಾಡಿ ಹೋದ್ರೆ ಅಂಗಡೀನೂ ಹೋದಂಗೆ ಕಣೋ. ನನ್ ಕೆಲಸ ಮುಗಿಯೋ ಹೊತ್ತಿಗೆ ನಮ್ಮೂರಿಗೆ ಬಸ್ಸೆಲ್ಲಿದೆ?”

ನನಗೆ ಪಿತ್ತ ನೆತ್ತಿಗೇರಿತು. ಅಕ್ಕನ ಕೈ ಎಂಥದ್ದೆಂದು ನನಗೆ ಗೊತ್ತು, ಗಾಡಿ ಕಲಿಸಿದವನೇ ನಾನು. ಮಾರನೆಯ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಟೂಲ್ಸ್ ಸಮೇತ ಅವಳ ಮನೆಯ ಮುಂದೆ ಇಳಿದೆ.

ಭಾವ ಅಂಗಳಕ್ಕೆ ಬಂದರು. “ಯಾವಾಗ್ಲೂ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾಳೆ ಕಣಯ್ಯ. ಇನ್ನೇನಾಗ್ತದೆ?”

“ಕ್ಲಚ್ ಮೇಲೆ ಕಾಲಿಟ್ರೆ ಕ್ಲಚ್ ಹೋಗ್ತದೆ ಭಾವ, ಇಂಜಿನ್ನಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ನಿಮ್ ಮಾತು.”

ಸ್ಟಾರ್ಟ್ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟೆ. ಕೆಳಭಾಗದಲ್ಲಿ ಸದ್ದು ಎಲ್ಲೋ ದೂರದಲ್ಲಿತ್ತು. ಮೇಲಿನ ಮುಚ್ಚಳಕ್ಕೆ ಇಟ್ಟ ತಕ್ಷಣ ಕಿವಿಯೊಳಗೇ ಹೊಡೆಯಿತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ವೈರನ್ನು ಒಂದೊಂದಾಗಿ ಕಿತ್ತು ನೋಡಿದೆ, ಟಕಟಕ ಹಾಗೇ ಇತ್ತು. ಕೆಳಗಿನ ಬೇರಿಂಗಿನದಾಗಿದ್ದರೆ ಸದ್ದು ಇಳಿಯಬೇಕಿತ್ತು. ಹಾಗಾದರೆ ಬೇರಿಂಗ್ ಅಲ್ಲ, ಮೇಲಿನ ಕ್ಯಾಮ್‌ಶಾಫ್ಟ್ ಕಡೆಯದೇ ತೊಂದರೆ. ಇಂಜಿನ್ ಆಫ್ ಮಾಡಿ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಜೋನಿಬೆಲ್ಲದ ಹಾಗೆ ನಿಧಾನಕ್ಕೆ ಇಳಿಯಿತು.

“ಈ ಆಯಿಲ್ ಹಾಕಿದ್ಯಾರಕ್ಕ?”

“ಆಯುಧಪೂಜೇಲಿ ನಮ್ ಮಾವ” ಎಂದಳು, ಮೆಲ್ಲಗೆ.

ಅಕ್ಕನ ಮಾವ ಆ ಮನೆಯ ಯಜಮಾನರು. ಆಯುಧಪೂಜೆಯ ದಿನ ಮನೆಯ ಟ್ರ್ಯಾಕ್ಟರ್, ಟಿಲ್ಲರ್, ಡೀಸೆಲ್ ಪಂಪು, ಕಾರು ಎಲ್ಲದಕ್ಕೂ ಹೊಸ ಆಯಿಲನ್ನು ಅವರೇ ತಮ್ಮ ಕೈಯಾರೆ ಹಾಕಬೇಕು. ಕೊಟ್ಟಿಗೆಯ ಮೂಲೆಯಲ್ಲಿರುವ ಟ್ರ್ಯಾಕ್ಟರ್ ಆಯಿಲಿನ ಒಂದೇ ಬ್ಯಾರಲ್ಲಿನಿಂದ. ಮನೆಯ ಮಕ್ಕಳಲ್ಲಿ ಭೇದ ಮಾಡಬಾರದು ಎನ್ನುವುದು ಅವರ ನ್ಯಾಯ.

ಟ್ರ್ಯಾಕ್ಟರಿನ ದಪ್ಪ ಆಯಿಲ್ ಕಾರಿಗೆ ಆಗುವುದಿಲ್ಲ. ಕಾರಣ ಸಿಕ್ಕಿತು, ಹೇಳುವುದು ಹೇಗೆ? ನಾನು ಹೆಣ್ಣು ಕೊಟ್ಟ ಮನೆಯವನು, ವಯಸ್ಸಿನಲ್ಲಿ ಕಿರಿಯ. ನಿಮ್ಮ ಪೂಜೆಯಿಂದಲೇ ಗಾಡಿ ಕೆಟ್ಟಿತು ಎಂದು ಅವರ ಅಂಗಳದಲ್ಲೇ ನಿಂತು ಹೇಳಿದರೆ, ನಾನು ಕಡೂರಿಗೆ ಹೋಗುತ್ತೇನೆ, ಮಾತು ಕೇಳಬೇಕಾದವಳು ಅಕ್ಕ. ಸುಮ್ಮನಿದ್ದರೆ ಗಾಡಿಯೇ ಹೋಗುತ್ತದೆ. ಮಾತು ಬೇಡ, ಸಾಮಾನೇ ಹೇಳಲಿ ಎಂದುಕೊಂಡು ಮುಚ್ಚಳ ಬಿಚ್ಚಿದೆ.

ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ಕಂಬಿ. ತಿರುಗುತ್ತಾ ಪ್ರತಿ ಉಬ್ಬೂ ತನ್ನ ಕೆಳಗಿನ ಲಿಫ್ಟರನ್ನು ಒತ್ತುತ್ತದೆ, ಆಗ ವಾಲ್ವ್ ತೆರೆಯುತ್ತದೆ. ಲಿಫ್ಟರ್ ಒಂದು ಪುಟ್ಟ ಉಕ್ಕಿನ ಲೋಟ. ಒಳಗೆ ಆಯಿಲ್ ತುಂಬಿಕೊಂಡಿದ್ದರೆ ಸದ್ದಿಲ್ಲ, ಇಲ್ಲದಿದ್ದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ನೋಡಿದರೆ ಒಂದು ಉಬ್ಬಿನ ಮೂತಿಯೇ ಸವೆದು ಹೋಗಿತ್ತು.

ಯಜಮಾನರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಶಾಫ್ಟನ್ನು ಒರೆಸಿ, ಟವೆಲಿನ ಮೇಲೆ ಅವರ ಮುಂದೆ ಇಟ್ಟೆ. “ಮಾವ, ಒಂದ್ಸಲ ಸವರಿ ನೋಡಿ.”

ಅವರ ಹೆಬ್ಬೆರಳು ಒಂದೊಂದೇ ಉಬ್ಬನ್ನು ದಾಟುತ್ತಾ ಹೋಗಿ ಸರಿಯಾದ ಜಾಗದಲ್ಲಿ ನಿಂತಿತು. “ಇದು ನೇಗಿಲ ಗುಳ ಸವೆದಂಗೆ ಸವೆದೈತಲ್ಲಪ್ಪ.”

ಎರಡು ಲಿಫ್ಟರ್ ಕೈಗೆ ಕೊಟ್ಟು ಒತ್ತಲು ಹೇಳಿದೆ. ಒಂದು ಕಲ್ಲಿನ ಹಾಗೆ ನಿಂತಿತು, ಸವೆದ ಉಬ್ಬಿನ ಕೆಳಗಿದ್ದ ಇನ್ನೊಂದು ಒಳಕ್ಕೆ ಕುಸಿಯಿತು.

“ಇದ್ರೊಳಗೆ ಎಣ್ಣೆ ಇಲ್ಲ.”

“ಇಂಜಿನ್ನಲ್ಲಿ ಇತ್ತು ಮಾವ. ಇದಕ್ಕೆ ಹತ್ತಲಿಲ್ಲ.” ಲೋಟದ ಪಕ್ಕದಲ್ಲಿರುವ ಸಣ್ಣ ತೂತನ್ನು ತೋರಿಸಿದೆ. “ಹೋಗ್ಬೇಕಾದ್ದು ಇದ್ರಲ್ಲೇ.” ಅದರ ಮೇಲೆ ಒಂದು ಮಾತೂ ಆಡಲಿಲ್ಲ. ನನಗೆ ಅದು ಬಹಳ ಕಷ್ಟದ ಕೆಲಸ.

ಅವರು ತೂತನ್ನು ನೋಡಿದರು, ಬೆರಳಿಗಂಟಿದ ಆಯಿಲನ್ನು ಉಜ್ಜಿ ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು. ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಮಗನನ್ನು ಕರೆದರು.

“ಸೊಸೆ ಕೆಡಿಸಿದ್ಲು ಅಂದ್ಯಲ್ಲೋ? ಅವಳಲ್ಲ ಕಣೋ, ನಾನು. ಪೂಜೆ ಮಾಡಿ ಕೆಡಿಸಿದೀನಿ. ಮಾರೋ ಮಾತು ಇಲ್ಲಿಗೆ ಬಿಡು.”

ಭಾವ ನೆಲ ನೋಡಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನ ಕಣ್ಣು ತುಂಬಿತು. ಗ್ಯಾರೇಜಿನವನಿಗೆ ಪೆಟ್ರೋಲ್ ವಾಸನೆಯ ನೆಪ ಇದ್ದೇ ಇರುತ್ತದೆ, ಅದನ್ನೇ ಹೇಳಿದೆ. ಆ ವಾರವೇ ಹೊಸ ಶಾಫ್ಟು, ಎಲ್ಲಾ ಲಿಫ್ಟರುಗಳನ್ನೂ ಹಾಕಿ, ಆ ಇಂಜಿನ್ನಿಗೆ ಕಂಪನಿಯವರು ಹೇಳಿದ ತೆಳು ಆಯಿಲ್ ತುಂಬಿದೆ. ಸದ್ದು ಅಡಗಿತು.

ಈ ಸಲದ ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಯಜಮಾನರು ಟ್ರ್ಯಾಕ್ಟರಿಗೆ, ಟಿಲ್ಲರಿಗೆ, ಪಂಪಿಗೆ ಎಂದಿನಂತೆ ಆಯಿಲ್ ಹಾಕಿದರು. ಕಾರಿನ ಹತ್ತಿರ ಬಂದು, ಬರೀ ಕುಂಕುಮ ಇಟ್ಟು, ಆಲಿಕೆಯನ್ನು ಅಕ್ಕನ ಕೈಗೆ ಕೊಟ್ಟರು. “ಇದಕ್ಕೇನು ಕುಡಿಸ್ಬೇಕೋ ನೀನೇ ಕುಡಿಸವ್ವ.”

ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವುದು ಪ್ರತಿ ವರ್ಷ ಭಾವನ ಕೆಲಸವಾಗಿತ್ತು. ಅವರು ಕೀಲಿಗೆ ಕೈ ಚಾಚಿದರು. ಯಜಮಾನರು ಆ ಕೈಯಲ್ಲಿ ನಿಂಬೆಹಣ್ಣುಗಳನ್ನು ಇಟ್ಟು, ಕೀಲಿಯನ್ನು ಸೊಸೆಗೆ ಕೊಟ್ಟರು. ಭಾವ ಬಗ್ಗಿ ಚಕ್ರಗಳ ಕೆಳಗೆ ಒಂದೊಂದೇ ಹಣ್ಣು ಜೋಡಿಸಿದರು. ಅಕ್ಕ ಕಾರು ಹತ್ತಿಸಿ, ಹಣ್ಣು ಹಿಂಡಿಕೊಂಡು ಸೀದಾ ರಸ್ತೆಗಿಳಿದಳು. ನಾನು ಅವಳ ಪಕ್ಕದ ಸೀಟಿನಲ್ಲೇ ಕೂತಿದ್ದೆ. ಅವಳ ಕಾಲು ಕ್ಲಚ್ ಮೇಲೆ ಇರಲಿಲ್ಲ.