ಮದರಾಸಿನಿಂದ ಸುಂಕಮ್ಮ ತಂದ ಸೇಡು

ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಸುಂಕಮ್ಮನಷ್ಟು ಒಳ್ಳೆಯ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಅವಳಷ್ಟು ಸಿಟ್ಟು ಇಟ್ಟುಕೊಳ್ಳುವವಳೂ ಇರಲಿಲ್ಲ. ಬೇರೆಯವರ ಸಿಟ್ಟು ಹಾಲಿನಂತೆ ಉಕ್ಕಿ ಇಳಿದುಹೋಗುತ್ತದೆ. ಸುಂಕಮ್ಮ ತನ್ನ ಸಿಟ್ಟನ್ನು ಉಪ್ಪಿನಕಾಯಿಯಂತೆ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಒಮ್ಮೆ ಕೈಯಾಡಿಸಿ ಇಡುವವಳು. ಅವಳು ದಿಟ್ಟಿಸಿ ನೋಡಿದರೆ ಒಲೆಯಿಲ್ಲದೆ ರೊಟ್ಟಿ ಬೇಯುತ್ತಿತ್ತು ಎಂದು ಜನ ಹೇಳುತ್ತಿದ್ದರು. ಅದು ಸ್ವಲ್ಪ ಹೆಚ್ಚಾಯಿತು. ಒಂದೇ ಮಗ್ಗುಲು ಬೇಯುತ್ತಿತ್ತು.

ಅವಳ ತವರು ಕುರುಗೋಡು. ಗಂಡ ಹುಲುಗಪ್ಪ ಹತ್ತಿ ಹೇರುವ ಎತ್ತಿನ ಬಂಡಿ ಹೊಡೆಯುತ್ತಿದ್ದ. ಹುಲುಗಪ್ಪನ ಅಣ್ಣ ಕಾಡಸಿದ್ದಪ್ಪನಿಗೆ ಮೆಣಸಿನಕಾಯಿ ಅಂಗಡಿ. ಅಣ್ಣನ ಹೆಂಡತಿ ಸಾವಂತ್ರಮ್ಮ ಸಿರುಗುಪ್ಪದವಳು. ಅಣ್ಣತಮ್ಮಂದಿರ ಮನೆ ಪಾಲಾಗಿ ಅಂಗಳದ ನಡುವೆ ಗೋಡೆ ಎದ್ದಿತ್ತು. ಎದೆಯೆತ್ತರದ ಗೋಡೆ, ನೆಗೆಣ್ಣಿಯರು ಜಗಳಾಡುವಾಗ ಒಬ್ಬರ ಮುಖ ಒಬ್ಬರಿಗೆ ಕಾಣಬೇಕಲ್ಲ.

ಯುದ್ಧ ಮುಗಿದ ವರ್ಷ ಕಾಡಸಿದ್ದಪ್ಪ ವ್ಯಾಪಾರಕ್ಕೆಂದು ಮದರಾಸಿಗೆ ಹೋಗುವಾಗ ಹೆಂಡತಿಯನ್ನೂ ಕರೆದೊಯ್ದ. ಸಾವಂತ್ರಮ್ಮ ಕೈಯಲ್ಲೊಂದು ಶಂಖ ಹಿಡಿದು ಬಂದಳು. ಅಂದಿನಿಂದ ನಮ್ಮ ಓಣಿಗೆ ಸಮುದ್ರ ನುಗ್ಗಿತು. ಅವಳ ಬಾಯಲ್ಲಿ ಮೊದಲು ಆಳೆತ್ತರವಿದ್ದ ತೆರೆ ದೀಪಾವಳಿ ಹೊತ್ತಿಗೆ ಕೋಟೆಗುಡ್ಡದಷ್ಟಾಗಿತ್ತು. ಆದರೆ ಅವಳ ಕತೆಗಳಿಗೆಲ್ಲ ಕಳಸವೆಂದರೆ ಹೊತ್ತು ಮುಳುಗಿದ ಕತೆ.

“ಸಂಜಿಕಿ ಉಸುಕಿನ್ಯಾಗ ಕುಂತಿದ್ವಿ. ಎದುರಿಗೆ ಸಮುದ್ರ. ಸೂರ್ಯ ಕೆಂಪಗ ಆಗಿ, ಮೆಲ್ಲಕ ನೀರಾಗ ಇಳದ ನೋಡ್ರಿ, ಕುಂಕುಮದ ಬಟ್ಟಲ ಅದ್ದಿದಂಗ. ಕಡೀಕ ಚುಂಯ್ ಅಂತ ಸಪ್ಪಳ ಬಂತು.”

ಚುಂಯ್ ಎಂಬುದು ಎರಡನೆಯ ವರ್ಷ ಸೇರಿದ್ದು.

ಹೀಗೆ ಕಟ್ಟೆಯ ಮೇಲೆ ಒಮ್ಮೆ ಸಾವಂತ್ರಮ್ಮನ ಸೂರ್ಯ ಮುಳುಗುತ್ತಿದ್ದಾಗ, ಸುಂಕಮ್ಮನ ಪುಟ್ಟ ಮಗಳು ಎಲ್ಲಮ್ಮ ಶಂಖವನ್ನು ಕಿವಿಗೆ ಹಿಡಿಯಲು ಕೈ ಚಾಚಿದಳು. ಸಾವಂತ್ರಮ್ಮ ಆ ಕೈಗೆ ಪಟ್ಟನೆ ಹೊಡೆದಳು.

“ಕುರುಗೋಡ ಕಲ್ಲಾಗ ಹುಟ್ಟಿದಾಕಿ ಮಗಳಿಗೆ ಸಮುದ್ರ ಯಾಕ ಬೇಕವಾ? ನಿಮ್ಮಪ್ಪನ ಬಂಡಿ ಗಾಲಿಗೆ ಕಿವಿ ಹಚ್ಚಿ ಕುಂದ್ರು. ಅದೂ ಸಪ್ಪಳ ಮಾಡ್ತೈತಿ.”

ಕೂತ ಹೆಂಗಸರೆಲ್ಲ ನಕ್ಕರು. ಮಗು ಕೆಂಪಾದ ಕೈ ನೋಡಿಕೊಂಡು ತಾನೂ ನಕ್ಕಿತು. ಸುಂಕಮ್ಮನಿಗೆ ತಡೆಯದೇ ಹೋದದ್ದು ಮಗುವಿನ ಆ ನಗು. ಎತ್ತಿಕೊಂಡು ಸೀದಾ ಗಂಡನ ಮುಂದೆ ಬಂದು ನಿಂತಳು.

“ನನ್ನ ಮಗಳು ಸಮುದ್ರ ನೋಡಬೇಕು. ಆ ಶಂಖ ಆಕೀನೇ ತಂದು ನನ್ನ ಮಗಳ ಕೈಯಾಗ ಇಡಬೇಕು. ಅಲ್ಲಿತನಕ ಆ ಮನಿ ನೀರು ಮುಟ್ಟಂಗಿಲ್ಲ ನಾನು.”

“ಎತ್ತಿನ ಬಂಡ್ಯಾಗ ಮದರಾಸಿಗೆ ಹೋಗಾಕ ಬರಂಗಿಲ್ಲಲೇ.”

“ಗೊತ್ತೈತಿ. ಅದಕ್ಕ ಬಂಡಿ ಮಾರ್ರಿ. ರೈಲ್ವೆ ಸೇರ್ರಿ.”

ರೈಲ್ವೆಯವರಿಗೆ ಹೆಂಡತಿ ಮಕ್ಕಳ ಸಮೇತ ಪುಕ್ಕಟೆ ಓಡಾಡುವ ಪಾಸು ಸಿಗುತ್ತದೆಂದು ಅವಳು ವಿಚಾರಿಸಿಕೊಂಡೇ ಬಂದಿದ್ದಳು. ಹುಲುಗಪ್ಪನಿಗೆ ಎತ್ತುಗಳೆಂದರೆ ಜೀವ. ಒಂದು ತಿಂಗಳು ಎದುರಾಡಿದ. ಆ ತಿಂಗಳು ಅವನ ತಾಟಿಗೆ ಬಂದ ಮುದ್ದೆಗಳನ್ನು ಬಳ್ಳಾರಿ ಕೋಟೆಗೆ ಕಟ್ಟಿದ್ದರೆ ಯಾವ ತೋಪಿಗೂ ಅದು ಜಗ್ಗುತ್ತಿರಲಿಲ್ಲ. ಕೊನೆಗೆ ಎತ್ತು ಮಾರಿ, ಕಣ್ಣೊರೆಸಿಕೊಂಡು, ಸ್ಟೇಷನ್ನಿನಲ್ಲಿ ಖಲಾಸಿಯಾಗಿ ಸೇರಿದ. ಊರಿನವರು ಹೊಟ್ಟೆಪಾಡಿಗೆ ನೌಕರಿ ಹಿಡಿದರು. ಹೆಂಡತಿಯ ಸೇಡಿಗಾಗಿ ಹಿಡಿದವನು ಅವನೊಬ್ಬನೇ.

ಪಾಸು ಕೈಗೆ ಬರುವಷ್ಟರಲ್ಲಿ ಎಲ್ಲಮ್ಮ ಸಾಲೆಗೆ ಹೋಗುತ್ತಿದ್ದಳು. ಮೈಲಾರಿ ಎಂಬ ಗಂಡುಮಗುವೂ ಹುಟ್ಟಿ ಓಡಾಡುತ್ತಿತ್ತು. ಸುಂಕಮ್ಮನ ಭರಣಿ ಮಾತ್ರ ಇದ್ದ ಹಾಗೇ ಇತ್ತು. ಆ ಬೇಸಿಗೆ ಎಂಥದ್ದೆಂದರೆ ಬಳ್ಳಾರಿಯ ಕಾಗೆಗಳು ಹಾರುವುದನ್ನು ಬಿಟ್ಟು ಗೋಡೆಯ ನೆರಳು ಹಿಡಿದು ನಡೆದಾಡುತ್ತಿದ್ದವು. ಸುಂಕಮ್ಮ ಹೊತ್ತ ಖಡಕ್ ರೊಟ್ಟಿಯ ಗಂಟು ನೋಡಿ ಗುಂತಕಲ್ಲಿನಲ್ಲಿ ಗಾರ್ಡು, ಇದನ್ನು ಗೂಡ್ಸಿಗೆ ಹಾಕಬೇಕೋ ಪ್ಯಾಸೆಂಜರಿಗೋ ಎಂದು ಯೋಚಿಸುತ್ತ ನಿಂತನಂತೆ.

ಮದರಾಸು ಸ್ಟೇಷನ್ನಿನ ಹೊರಗೆ ಒಬ್ಬ ಗೋಣಿತಟ್ಟು ಹಾಸಿ ಶಂಖ ಮಾರುತ್ತ ಕೂತಿದ್ದ. ಸಾವಂತ್ರಮ್ಮ ತೆರೆಯ ಬಾಯಿಂದ ಕಿತ್ತು ತಂದೆನೆಂದ ಶಂಖದ ಅಣ್ಣತಮ್ಮಂದಿರೆಲ್ಲ ಅಲ್ಲಿ ರಾಶಿ ಬಿದ್ದಿದ್ದರು. ಸುಂಕಮ್ಮ ನಿಂತು ನೋಡಿದಳು.

ಸಮುದ್ರ ಕಂಡೊಡನೆ ಮೈಲಾರಿ ಅಪ್ಪನ ಹೆಗಲ ಮೇಲಿಂದ ಕೂಗಿದ, “ಯಪ್ಪಾ, ಹಗರಿಗೆ ನೀರು ಬಂದೈತಿ.”

ಪಾಪ, ಅವನು ಕಂಡ ಹೊಳೆಯೆಂದರೆ ಹಗರಿ. ಅದರಲ್ಲಿ ಕಂಡದ್ದು ಉಸುಕು ಮಾತ್ರ. ಹಗರಿಯಲ್ಲಿ ನಮ್ಮವರು ಮಾಡುವಂತೆ ಅಕ್ಕ ತಮ್ಮ ಇಬ್ಬರೂ ಕೂತು ಕುಡಿಯುವ ನೀರಿಗೆ ಒರತೆ ತೋಡಿದರು. ನೀರು ಬಂತು. ಮೈಲಾರಿ ಬೊಗಸೆಯಲ್ಲಿ ಕುಡಿದು, ಉಗುಳಿ, ಒರತೆ ಕೆಡಿಸಿದವರು ಯಾರೆಂದು ಸುತ್ತ ನೋಡಿದ. ಅತ್ತ ಸುಂಕಮ್ಮ ನೀರಿನಂಚಿನಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಕುಬುಸದ ಕಣ ಇಟ್ಟು ಗಂಗವ್ವನಿಗೆ ಕೈಮುಗಿದಳು. ತೆರೆ ಬಂದು ಎಲ್ಲ ಒಯ್ದು, ಕಣವನ್ನು ಮಾತ್ರ ವಾಪಸು ತಂದು ಅವಳ ಕಾಲ ಬಳಿ ಹಾಕಿತು.

“ಬಣ್ಣ ಹಿಡಿಸಲಿಲ್ಲ ಅಂತ ಕಾಣ್ತೈತಿ,” ಎಂದ ಹುಲುಗಪ್ಪ.

ಹೊತ್ತು ಇಳಿಯತೊಡಗಿದಾಗ ಸುಂಕಮ್ಮ ಮಕ್ಕಳನ್ನು ಸಮುದ್ರಕ್ಕೆ ಎದುರಾಗಿ ಸಾಲಾಗಿ ಕೂಡಿಸಿದಳು. “ಕಣ್ಣು ಪಿಳಕಿಸಬ್ಯಾಡ್ರಿ. ಈಗ ಸೂರ್ಯ ನೀರಾಗ ಇಳೀತಾನ. ಊರಿಗೆ ಹೋಗಿ ದೊಡ್ಡವ್ವನ ಮುಂದ ಹೇಳಬೇಕು.”

ಕೂತರು. ನೀರು ಕಪ್ಪಾಗುತ್ತ ಬಂತು. ಸೂರ್ಯನ ಸುಳಿವಿಲ್ಲ.

“ಯವ್ವಾ, ಸೂರ್ಯ ಹಿಂದ ಅದಾನ,” ಎಂದಳು ಎಲ್ಲಮ್ಮ.

“ಮುಂದ ನೋಡಲೇ.”

“ಇಲ್ಲಬೇ, ಮನಿಗಳ ಹಿಂದ ಹೊಂಟಾನ.”

ಸುಂಕಮ್ಮ ತಿರುಗಿದಳು. ಸೂರ್ಯ ಮದರಾಸಿನ ಮಾಳಿಗೆಗಳ ಹಿಂದೆ, ಕಳ್ಳನಂತೆ ಜಾರುತ್ತಿದ್ದ. ಕಡಲೆಕಾಯಿ ಮಾರುವವನೊಬ್ಬ ಇವರನ್ನು ನೋಡಿ ನಿಂತ. ಸುಂಕಮ್ಮ ತೆಲುಗಿನಲ್ಲಿ ಕೇಳಿದಳು. ಅವನೂ ತೆಲುಗಿನಲ್ಲೇ ಹೇಳಿದ: ಅಮ್ಮಾ, ಈ ಸಮುದ್ರದಲ್ಲಿ ಹೊತ್ತು ಹುಟ್ಟುತ್ತದೆ, ಮುಳುಗುವುದಿಲ್ಲ, ನನ್ನ ಅಜ್ಜನ ಕಾಲದಿಂದಲೂ ಮುಳುಗಿಲ್ಲ.

ಹೊತ್ತು ನೀರಿಗಿಳಿಯುವ ಜಾಗ ಸುಂಕಮ್ಮನಿಗೆ ಗೊತ್ತಿತ್ತು. ಹಿಂದೊಮ್ಮೆ ಸಾವಂತ್ರಮ್ಮನ ತವರು ಸಿರುಗುಪ್ಪಕ್ಕೆ, ಬಸುರಿಗೆ ಮಾಡುವ ಕುಬುಸದ ಕಾರ್ಯಕ್ಕೆಂದು ಹೋದಾಗ, ತುಂಗಭದ್ರೆಯ ದಂಡೆಯಲ್ಲಿ ಕಣ್ಣಾರೆ ಕಂಡಿದ್ದಳು. ಕೆಂಪು, ಬಟ್ಟಲು, ಎಲ್ಲ ಅದೇ. ಸಾವಂತ್ರಮ್ಮ ತವರಿನ ಸೂರ್ಯನನ್ನು ಮದರಾಸಿನವರೆಗೆ ಹೊತ್ತು ತಂದಿದ್ದಳು.

“ನಿಮ್ಮ ವೈನಿ ಸಮುದ್ರ ನೋಡೇ ಇಲ್ಲ,” ಎಂದಳು ಗಂಡನಿಗೆ.

ಹುಲುಗಪ್ಪ ತಲೆ ಕೆರೆದುಕೊಂಡ. “ಛತ್ರದಾಗ ಹೊಟ್ಟಿ ಕೆಟ್ಟು ಮಲಗಿದ್ಳಂತ. ಅಣ್ಣ ಒಮ್ಮೆ ಅಂದಿದ್ದ. ನಾನು ಮರತೇಬಿಟ್ಟಿದ್ದೆ.”

ಆ ಒಂದು ಮಾತು ನೆನಪಿದ್ದರೆ ಎತ್ತುಗಳು ಉಳಿಯುತ್ತಿದ್ದವು. ಆದರೆ ಸುಂಕಮ್ಮ ಬೈಯಲಿಲ್ಲ. ನಕ್ಕಳು. ಆ ನಗು ನೋಡಿ ಹುಲುಗಪ್ಪನಿಗೆ ಅತ್ತಿಗೆಯ ಮೇಲೆ ಮೊದಲ ಬಾರಿಗೆ ಕನಿಕರ ಬಂತು.

ತಂಬಿಗೆಯಲ್ಲಿ ಸಮುದ್ರದ ನೀರು ತುಂಬಿಕೊಂಡು ಊರಿಗೆ ಬಂದರು. ತೀರ್ಥ ತಂದವರ ಮನೆಯಲ್ಲಿ ಗಂಗಿಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ನೀರಿನ ತಂಬಿಗೆ ಇಟ್ಟು, ಓಣಿಯ ಮುತ್ತೈದೆಯರನ್ನು ಕರೆದು, ಹೋಗಿಬಂದವರು ಕಂಡದ್ದನ್ನು ಹೇಳಬೇಕು. ಕೇಳಿದವರಿಗೂ ಪುಣ್ಯದಲ್ಲಿ ಪಾಲು. ತಂಬಿಗೆಯ ಮುಂದೆ ಸುಳ್ಳು ಹೇಳುವಂತಿಲ್ಲ. ಸಾವಂತ್ರಮ್ಮ ಶಂಖ ಹಿಡಿದೇ ಬಂದು ನಡುವೆ ಕೂತಳು.

“ನನಗ ಮಾತು ಬರಂಗಿಲ್ಲಕ್ಕಾ,” ಎಂದಳು ಸುಂಕಮ್ಮ, ಬೆಣ್ಣೆಯಂಥ ದನಿಯಲ್ಲಿ. “ನೀವೇ ಹೇಳ್ರಿ. ಹೊತ್ತು ಮುಳುಗಿದ್ದು.”

ಸಾವಂತ್ರಮ್ಮ ತಂಬಿಗೆ ನೋಡಿದಳು, ಗಂಟಲು ಸರಿಮಾಡಿಕೊಂಡಳು. ಶುರುಮಾಡಿದಳು. ಬಟ್ಟಲವರೆಗೆ ಬಂದಳು.

“ಯಾವ ಕಡಿ ಮುಖ ಮಾಡಿ ಕುಂತಿದ್ರಿ ಅಕ್ಕಾ?”

“ಯಾವ ಕಡಿ ಅಂದ್ರ? ಸಮುದ್ರದ ಕಡಿ.”

“ದೊಡ್ಡವ್ವಾ, ಅಲ್ಲಿ ಸೂರ್ಯ—” ಎಂದು ಎಲ್ಲಮ್ಮ ಬಾಯಿ ತೆರೆದಳು. ಸುಂಕಮ್ಮ ಆ ಬಾಯಿಗೆ ಒಂದು ಇಡೀ ಶೇಂಗಾ ಉಂಡೆ ತುರುಕಿದಳು.

ಸಾವಂತ್ರಮ್ಮನ ಮುಖ ಸುಣ್ಣವಾಯಿತು. ಮಗುವನ್ನು ನೋಡಿದಳು, ತಾಯಿಯನ್ನು ನೋಡಿದಳು. ಉಳಿದ ಹೆಂಗಸರಿಗೆ ಏನೂ ತಿಳಿಯಲಿಲ್ಲ. ಚುಂಯ್ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರು.

“ಸಣ್ಣಾಕಿ, ಬಾಯಿಗೆ ಬಂದಿದ್ದು ಅಂತಾಳ,” ಎಂದಳು ಸುಂಕಮ್ಮ. “ಕೈಯಾಗ ಏನರ ಆಟಿಗಿ ಇದ್ರ ಸುಮ್ಮಕಿರ್ತಾಳ. ಉಂಡಿ ಬಾಳ ಹೊತ್ತು ಬಾಯಾಗ ಇರಂಗಿಲ್ಲ ನೋಡ್ರಿ.”

ಸಾವಂತ್ರಮ್ಮ ಎದ್ದು ಬಂದು, ಬಗ್ಗಿ, ಶಂಖವನ್ನು ಮಗುವಿನ ಕೈಯಲ್ಲಿ ಇಟ್ಟಳು. ಹಿಂದೆ ಹೊಡೆದಿದ್ದ ಅದೇ ಕೈಯಲ್ಲಿ. ಎಲ್ಲಮ್ಮ ಕಿವಿಗೆ ಹಿಡಿದು, “ಇದು ಸಮುದ್ರದಂಗ ಕೇಳಂಗಿಲ್ಲಬೇ,” ಎಂದು ಕೆಳಗಿಟ್ಟು ಆಡಲು ಓಡಿದಳು.

ಇಲ್ಲಿಗೆ ಮುಗಿಯಿತೆಂದು ನೀವು ಅಂದುಕೊಂಡರೆ ನಿಮಗೆ ಸುಂಕಮ್ಮ ಗೊತ್ತಿಲ್ಲ. ಅವಳು ಆ ಶಂಖವನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟಳು, ಗೋಡೆಯಾಚೆಗೆ ಚೆನ್ನಾಗಿ ಕಾಣುವ ಹಾಗೆ. ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಹೇಳಿಬಿಟ್ಟರೆ ಖರ್ಚಾಗಿಹೋಗುತ್ತದಲ್ಲ. ದಿನಾ ಸಂಜೆ ಗೋಡೆಯ ಬಳಿ ಬಂದು ಒಂದೇ ಮಾತು ಕರೆದು ಹೇಳುತ್ತಿದ್ದಳು.

“ಅಕ್ಕಾ, ಹೊತ್ತು ಮುಳುಗಾಕ ಹತ್ತೈತಿ. ಬರ್ರಿ, ಯಾವ ಕಡಿ ನೋಡೂಣು.”

ಸಾವಂತ್ರಮ್ಮ ಮೊದಲು ಕಿಟಕಿ ಮುಚ್ಚಿಕೊಂಡಳು. ಆಮೇಲೆ ಗೌಂಡಿಯನ್ನು ಕರೆಸಿ ಪಡುವಣ ಕಿಟಕಿಗೆ ಕಲ್ಲು ಕಟ್ಟಿಸಿದಳು. ಬಳ್ಳಾರಿಯ ಧಗೆಯಲ್ಲಿ, ಗಾಳಿಯಿಲ್ಲದ ಆ ಕೋಣೆಯಲ್ಲಿ ಅವಳಿಗೆ ಮಧ್ಯಾಹ್ನವೇ ಹೊತ್ತು ಮುಳುಗುತ್ತಿತ್ತು. ಹೊರಗೆ ಸುಂಕಮ್ಮ, ಕೇಳಿಸಲಿಕ್ಕಿಲ್ಲವೆಂದು, ದನಿಯನ್ನು ಇನ್ನಷ್ಟು ಏರಿಸುತ್ತಿದ್ದಳು.