ಅಪ್ಪನ ಮೊದಲ ಮಾತು

ಆ ದಿನ ಅಪ್ಪ ಎಡಗೈಯಿಂದ ಮಂಚದ ಪಟ್ಟಿ ಬಡಿದನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಬಡಿದ ಸದ್ದು ನನ್ನ ಕಿವಿಯಲ್ಲಿದೆ. ಅದು ಪಕ್ಕದ ಮನೆಯ ಮಗ್ಗದ್ದು ಎನ್ನುತ್ತಿದ್ದಳು ಅವ್ವ. ಮನೆಮನೆಗೂ ಮಗ್ಗವಿರುವ ಬನಹಟ್ಟಿಯಲ್ಲಿ ಅದೂ ಸಾಧ್ಯ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಲಕ್ವ ಹೊಡೆದು ಅಪ್ಪನ ಬಲಗೈ, ಮಾತು ಎರಡೂ ಒಟ್ಟಿಗೆ ಹೋದವು. ನಾನು ಕಾಲೇಜು ಬಿಟ್ಟು ಓಡಿ ಬಂದೆ. ಜಮಖಂಡಿಯ ಡಾಕ್ಟರು ನೋಡಿ ಹೇಳಿದರು: "ಇವತ್ತಿಂದನ ಮಾತಾಡಸ್ರಿ. ತಡಾ ಮಾಡಿದ್ರ ಕಷ್ಟ. ಆದ್ರ ದಣಿಸಬ್ಯಾಡ್ರಿ. ಒಂದ ಶಬ್ದ ಬಂತಂತ ಎಲ್ಲಾ ಬಂತು ಅಂತನೂ ತಿಳೀಬ್ಯಾಡ್ರಿ."

ಮೊದಲ ಮಾತಷ್ಟೇ ನನ್ನ ತಲೆಗೆ ಹೋಯಿತು. ಮಗ್ಗದ ಲಾಳಿ, ನೀರಿನ ಚರಿಗೆ, ಬೀಗ ಒಂದೊಂದೇ ಎತ್ತಿ ತೋರಿಸಿ ಹೆಸರು ಕೇಳುತ್ತಿದ್ದೆ, ನಡೆದದ್ದನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಅಪ್ಪ ಬೆವರುತ್ತಿದ್ದ, ಕೆಲವೊಮ್ಮೆ ಅಳುತ್ತಿದ್ದ.

"ಸಾಕ ಬಿಡೋ! ಹಡದಪ್ಪಗ ಸಾಲಿ ಮಾಸ್ತರ ಆಗ್ಯಾನಿಂವ," ಎಂದು ಅವ್ವ ಬೈಯುತ್ತಿದ್ದಳು.

ಎಂಟೋ ಒಂಬತ್ತೋ ದಿನಕ್ಕೆ ಅಪ್ಪನ ಬಾಯಿಂದ "ಆತು" ಎಂದು ಸ್ಪಷ್ಟವಾಗಿ ಬಂತು. ಓಣಿಯವರೆಲ್ಲ ನೋಡಲು ಬಂದರು. ನಾನು ಗೆದ್ದವನಂತೆ ತಿರುಗಾಡಿದೆ.

ಆ ಸುದ್ದಿ ಅಪ್ಪನ ತಮ್ಮ, ನಮ್ಮ ಕಾಕಾನನ್ನೂ ಮುಟ್ಟಿತು. ನನ್ನ ತಂಗಿಯನ್ನು ಬೀಳಗಿಯ ಒಂದು ಮನೆಗೆ ಕೊಡಬೇಕೆಂಬುದು ಅವನ ಹಟ. ವರನ ಮೊದಲ ಹೆಂಡತಿ ಬಾವಿಯಲ್ಲಿ ಸತ್ತಿದ್ದಳು. ಕಾಲು ಜಾರಿದ್ದೆಂದು ಅವರು ಹೇಳುತ್ತಿದ್ದರು. ಲಕ್ವಕ್ಕೆ ಮೊದಲೇ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ಆ ಬಾವಿ ನೀರು ನನ್ನ ಮಗಳಿಗೆ ಬ್ಯಾಡ." ಆದರೆ ಮದುವೆಯ ವಿಷಯದಲ್ಲಿ ಹಿರಿಯರ ಮುಂದೆ ತಂದೆಯ ಬಾಯಿಂದ ಬಂದದ್ದೇ ಕೊನೆಯ ಮಾತು.

ಮರು ಸೋಮವಾರ ಕಾಕಾ ಬೀಳಗಿಯವರನ್ನು ಕರೆತಂದು ಮಂಚದ ಸುತ್ತ ಕೂರಿಸಿದ.

"ಅಣ್ಣಾ, ಹುಡುಗೀನ್ನ ಇವರಿಗೆ ಕೊಡೂಣಲ್ಲ?"

"ಆತು."

"ಬಾಯಿ ಬಿದ್ದೈತಿ ಅಂದಿದ್ರಿ. ನಮಕಿಂತ ಛಲೋ ಮಾತಾಡ್ತಾರಲ್ರೀ ಬೀಗರು!" ಎಂದು ಅವರಲ್ಲೊಬ್ಬ ನಕ್ಕ. ಕಾಕಾ ಸಕ್ಕರೆ ಹಂಚಿದ. ನನ್ನ ಕಿವಿಗೆ ಬಡಿತ ಕೇಳಿಸಿದ್ದು ಆಗ. ಅಪ್ಪನ ಮುಖ ನೋಡಿದೆನೇ? ನೆನಪಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡದ್ದು ನೆನಪಿದೆ.

ಮದುವೆಯಾಯಿತು. ಅಪ್ಪನ ಮಾತಿನ ಅಭ್ಯಾಸ ನಿಲ್ಲಿಸಲಿಲ್ಲ. ಅದರಿಂದ ಲಾಭವೇ ಆಗಲಿಲ್ಲ ಎಂದರೆ ಸುಳ್ಳಾದೀತು. ಅಪ್ಪ ನೀರು ಕೇಳಿದ, ಅವ್ವನನ್ನು ಕರೆದ. ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ಸರಿಸಿ "ಬ್ಯಾಡ" ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಮುಂದಿನ ಎರಡು ನಾಗರ ಪಂಚಮಿಗೂ ಬೀಳಗಿಯವರು ತಂಗಿಯನ್ನು ತವರಿಗೆ ಕಳಿಸಲಿಲ್ಲ. ಮೂರನೆಯ ಪಂಚಮಿಗೆ ಕಳಿಸಲು ಅವಳೇ ಇರಲಿಲ್ಲ.

ಅಪ್ಪನ "ಆತು" ಎಂಥದ್ದೆಂದು ನಮಗೆ ಆಗ ತಿಳಿದಿರಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಬೇರೆಲ್ಲದರ ಬಗ್ಗೆ ಅನುಮಾನವಿರಲಿ, ಇದೊಂದನ್ನು ಆಮೇಲೆ ಹುಡುಕಿ ಖಾತ್ರಿ ಮಾಡಿಕೊಂಡೆ. ಅಪ್ಪನ ಅಭ್ಯಾಸ ನಾನು ಬರೆದಿಡುತ್ತಿದ್ದ ಆ ವಹಿಯಲ್ಲಿ, ಬೀಳಗಿಯವರು ಬಂದ ಸೋಮವಾರದ ಬೆಳಗಿನ ಪುಟ ನನ್ನದೇ ಅಕ್ಷರದಲ್ಲಿದೆ: "ಬನಹಟ್ಟಿಯವರೇ? ಆತು. ಮುಧೋಳದವರೇ? ಆತು. ಲಾಳಿ ತೋರಿಸಿ, ಇದು ಚರಿಗೆಯೇ? ಆತು. ಏನು ಕೇಳಿದರೂ ಇದೇ."