ಊಟದ ಕಟ್ಟೆಗೆ ನಾನಿಟ್ಟ ಕಳ್ಳಕಿಂಡಿ

ಗಂಗಮ್ಮಕ್ಕಾ, ಹುಲಿಗೆಮ್ಮನ ಮಾತನ್ನು ಸಾಹೇಬರಿಗೆ ಮುಟ್ಟಿಸಿದ್ದು ನೀವಲ್ಲ — ನಾನು. ಚಾಡಿಕೋರಿ ಎಂದು ಮೂರು ವರ್ಷದಿಂದ ನಿಮ್ಮನ್ನು ಕರೆಯುತ್ತಿದ್ದಾರಲ್ಲ, ಆ ಹೆಸರು ನನ್ನದು. ಗೊತ್ತಿದ್ದೂ ಗೊತ್ತಿದ್ದೂ ಅದನ್ನು ನಿಮ್ಮ ತಲೆಗೆ ಕಟ್ಟಿ, ಹೊಸಪೇಟೆಯ ನನ್ನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ತಣ್ಣಗೆ ಕೂತಿದ್ದೆ.

ಸಂಡೂರಿನ ನಿಮ್ಮ ಗಣಿ ಕಂಪನಿಯವರು ನನ್ನನ್ನು ಕರೆಸಿ, ಕೆಲಸಗಾರರು ಒಬ್ಬರಿಗೊಬ್ಬರು ಬೆರೆಯಬೇಕು, ಅದಕ್ಕೊಂದು ಆ್ಯಪ್ ಮಾಡಿಕೊಡಿ ಎಂದರು. ಬೆರೆಯಬೇಕಂತೆ! ಅದಿರು ಜರಡಿಯಾಗುವ ಶೆಡ್ಡಿನ ಹಿಂದೆ, ಬೇವಿನ ನೆರಳಲ್ಲಿ, ನೀವು ಹನ್ನೊಂದು ಮಂದಿ ಹೆಂಗಸರು ದಿನಾ ದುಂಡಗೆ ಕೂತು ಬುತ್ತಿ ಬಿಚ್ಚುತ್ತಿದ್ದಿರಿ. ತನ್ನ ಬುತ್ತಿಯನ್ನು ತಾನು ಉಣ್ಣಬಾರದು, ಎಡಕ್ಕೆ ಕೂತವಳಿಗೆ ಕೊಡಬೇಕು — ಅದು ನಿಮ್ಮ ಪದ್ಧತಿ. ಯಾರ ಮನೆಯಲ್ಲಿ ಅವತ್ತು ಪಲ್ಯವಿಲ್ಲ, ಯಾರು ಬರೀ ರೊಟ್ಟಿ ಖಾರ ತಂದಿದ್ದಾರೆ, ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತಿತ್ತು. ಗಾದಿಗನೂರಿನ ಹುಲಿಗೆಮ್ಮನ ಬಲಕ್ಕೆ ನೀವೇ ಕೂರಬೇಕು, ನಿಮ್ಮ ಬುತ್ತಿ ಅವಳಿಗೇ ಹೋಗಬೇಕು. ಒಂದು ವಾರ ನಾನೂ ನಿಮ್ಮ ಜೊತೆ ಉಂಡೆ. ಅದನ್ನೆಲ್ಲ ನೋಡಿಯೇ ‘ಊಟದ ಕಟ್ಟೆ’ ಮಾಡಿದ್ದು. ಓದು ಬರಹ ಬೇಕಿಲ್ಲ, ಫೋನಿನಲ್ಲಿ ಒತ್ತಿ ಮಾತಾಡಿದರೆ ಬೇರೆ ಪಾಳಿಯವರಿಗೂ ಕೇಳುತ್ತದೆ, ಬೇಕಾದರೆ ಒಬ್ಬರಿಗೇ ಕಳಿಸಲೂಬಹುದು. “ಇಲ್ಲಿ ಆಡಿದ್ದು ಸಾಹೇಬ್ರಿಗೆ ಕೇಳಂಗಿಲ್ರಿ” ಎಂದು ನಿಮ್ಮೆಲ್ಲರ ಎದುರು ಎದೆ ತಟ್ಟಿ ಹೇಳಿದವನು ನಾನು.

ಹೇಳಿದಾಗ ಅದು ನಿಜವೇ ಆಗಿತ್ತು. ಆಮೇಲೆ ಮ್ಯಾನೇಜರ್ ಕರೆದು, “ಮಾಡ್ಸಿದೋರು ನಾವು, ನಮಗ ಕೇಳಬಾರ್ದಾ?” ಎಂದ. ನಾನು ಒಂದೇ ಮಧ್ಯಾಹ್ನದಲ್ಲಿ, ನಿಮ್ಮ ಮಾತೆಲ್ಲ ಅವನಿಗೆ ಕೇಳುವಂತೆ, ಆ್ಯಪಿನಲ್ಲೊಂದು ಕಳ್ಳಕಿಂಡಿ ಕೊರೆದುಕೊಟ್ಟೆ. ಅಂಜಿಕೆಯೋ, ಮುಂದಿನ ಕೆಲಸದ ಆಸೆಯೋ... ಯಾವುದಾದರೇನು, ಕೊರೆದೆ.

ಹುಲಿಗೆಮ್ಮ ‘ಊಟದ ಕಟ್ಟೆ’ಯಲ್ಲಿ ಏನು ಹೇಳಿದ್ದಳು? “ಅದಿರು ಸಾಗ್ಸೋ ಬೆಲ್ಟಿನ ಜಾಲರಿ ಕಿತ್ತು ತಿಂಗಳಾತು. ಇವತ್ತ ನನ್ನ ಸೆರಗು ಸಿಕ್ಕಿತ್ತು, ಸ್ವಲ್ಪದಾಗ ಉಳಕೊಂಡೆ. ನಾವು ಸತ್ರೂ ಇವ್ರು ಬೆಲ್ಟ್ ನಿಲ್ಸಂಗಿಲ್ಲ.” ಇದರಲ್ಲಿ ಸುಳ್ಳೆಲ್ಲಿದೆ? ಜಾಲರಿ ಹಾಕಿಸಬೇಕಾದವನು ಮರುದಿನ ಅವಳನ್ನೇ ಗೇಟಿನ ಹೊರಗೆ ಹಾಕಿದ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಅವನ ಮೇಲೆ ಉರಿದುಬಿದ್ದು ನನ್ನ ಪಾಲನ್ನು ಮರೆಯುವುದು ಬಹಳ ಸುಲಭ — ಇಷ್ಟು ದಿನ ಅದನ್ನೇ ಮಾಡಿಕೊಂಡು ಬಂದೆ.

ಅವತ್ತು ಊಟದ ಹೊತ್ತಿಗೆ, ಲೆಕ್ಕ ಮುಗಿಸಿ ಹೊರಡುವ ಮೊದಲು ಹುಲಿಗೆಮ್ಮ ಕೊನೆಯ ಸಲ ನಿಮ್ಮ ಜೊತೆ ಕೂತಾಗ, ನಾನು ಅಲ್ಲೇ ಇದ್ದೆ. “ತಮ್ಮಾ, ಸಾಹೇಬ್ರಿಗೆ ಹೆಂಗ ಗೊತ್ತಾತು? ನೀನ ಹೇಳು” ಎಂದು ಎಲ್ಲರೂ ನನ್ನನ್ನು ಸುತ್ತುವರಿದರು. ಹೇಳಿದೆನಲ್ಲ! “ನಿಮ್ಮಾಗ ಯಾರೋ ಹೇಳ್ಯಾರ್ರಿ.” ಹಿಂದಿನ ಸಂಜೆ ರಜೆ ಕೇಳಲು ಮ್ಯಾನೇಜರನ ಕೋಣೆಗೆ ಹೋಗಿದ್ದವರು ನೀವೊಬ್ಬರೇ. ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ಕೊಟ್ಟಿದ್ದ ಬುತ್ತಿಯನ್ನು ಹುಲಿಗೆಮ್ಮ ಬಿಚ್ಚದೆ ನಿಮ್ಮ ಮಡಿಲಿಗೇ ಇಟ್ಟು ಎದ್ದು ಹೋದಳು. ನಾನು ನೋಡುತ್ತಾ ನಿಂತಿದ್ದೆ. ಬಾಯಿ ಬಿಡಬಹುದಿತ್ತು...

ಅಲ್ಲಿಂದ ಯಾರೂ ದುಂಡಗೆ ಕೂರಲಿಲ್ಲ. ಯಾರ ಬುತ್ತಿ ಅವರಿಗೆ. ಅದೇ ವರ್ಷ ಕಂಪನಿಯವರು ‘ಕೆಲಸಗಾರರ ಬಾಂಧವ್ಯ ಬೆಳೆಸಿದ್ದಕ್ಕೆ’ ನನಗೆ ಶಾಲು ಹೊದಿಸಿದರು. ನಾಚಿಕೆಗೆಟ್ಟವನು, ಹೊದ್ದುಕೊಂಡೆ, ಫೋಟೋಕ್ಕೆ ನಕ್ಕೆ ಕೂಡ.

ಇನ್ನೂ ಒಂದಿದೆ. ಕೆಲಸದಿಂದ ತೆಗೆದವರ ಖಾತೆ ಮುಚ್ಚಿದ ಮೇಲೂ, ಅವರಿಗೆ ಮಾತು ಕಳಿಸಿದವರ ಫೋನಿನಲ್ಲಿ ‘ತಲುಪಿದೆ’ ಎಂದೇ ತೋರಿಸುವಂತೆ ಮಾಡಿದ್ದೆ. ಗಲಾಟೆಯಾಗಬಾರದು ಎಂದಿದ್ದ ಮ್ಯಾನೇಜರ್. ಹೋದ ವಾರ ಹಳೆಯದನ್ನೆಲ್ಲ ತೆಗೆದು ಹಾಕುವಾಗ ನಿಮ್ಮ ದನಿ ಸಿಕ್ಕಿತು. “ಹುಲಿಗೀ, ನಮ್ಮವ್ವನಾಣಿ, ನಾ ಹೇಳಿಲ್ಲಬೇ. ನನ್ನ ಫೋನ್ ಎತ್ತದಿದ್ರ ಬ್ಯಾಡ, ಇಲ್ಲ್ಯಾರ ಒಂದ್ ಮಾತಾಡು.” ಅದೇ ಮಾತು, ತಿಂಗಳಿಗೆರಡು ಸಲ, ಮೂರು ವರ್ಷ. ಒಂದೂ ಅವಳಿಗೆ ಮುಟ್ಟಿಲ್ಲ ಅಕ್ಕಾ. ಅವಳು ಎಲ್ಲ ಕೇಳಿಸಿಕೊಂಡೂ ಮುನಿಸಿಕೊಂಡಿದ್ದಾಳೆ ಎಂದು ನೀವು ತಿಳಿದಿದ್ದೀರಿ. ಕೇಳಿಸಿಕೊಂಡವನು ನಾನೊಬ್ಬ, ಅದೂ ಎಂಟು ದಿನ ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಯಾರನ್ನೂ ಕೇಳದೆ ಆ ಕಿಂಡಿ ಮುಚ್ಚಿದ್ದೇನೆ. ನಾಳೆ ಗಾದಿಗನೂರಿಗೆ ಹೋಗಿ ನಿಮ್ಮ ಮಾತುಗಳನ್ನೆಲ್ಲ ಹುಲಿಗೆಮ್ಮನ ಮುಂದೆ ಹಾಕುತ್ತೇನೆ, ಒಂದೂ ಬಿಡದೆ. ಅಲ್ಲಿಂದ ನೇರ ಶೆಡ್ಡಿನ ಹಿಂದಕ್ಕೆ ಬಂದು, ಎಲ್ಲ ಹೆಂಗಸರ ಎದುರು ನನ್ನ ಹೆಸರು ಹೇಳುತ್ತೇನೆ. ಕಂಪನಿಯ ಕೆಲಸ ಹೋಗುತ್ತದೆ, ಹೋಗಲಿ. ನೀವು ಕಪಾಳಕ್ಕೆ ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ ಅಕ್ಕಾ, ಅದನ್ನು ಕೇಳುವ ಮುಖ ನನಗಿಲ್ಲ.